ಅರ್ಧ ಇಂಚಿನ ಒಪ್ಪಂದ

ಊರೊಳಗೆ ಓಡಿಸಲು ಫಿಕ್ಸೆಡ್ ಗೇರ್ ಸೈಕಲ್ ಕಟ್ಟಿಕೊಳ್ಳಲು ಹೊರಟವರ ಚೀಟಿಯಲ್ಲಿ ಕೆಲವು ವಿಚಿತ್ರ ಅಂಕಿಗಳಿರುತ್ತವೆ. ಚೈನು 1/2 ಇಂಚು × 1/8 ಇಂಚು. ಹಿಂದಿನ ಸ್ಪ್ರಾಕೆಟ್ಟಿನ ಥ್ರೆಡ್ 1.37 ಇಂಚು, ಇಂಚಿಗೆ 24 ಸುತ್ತು. ಅದರ ಮೇಲೆ ಕೂರುವ ಲಾಕ್‌ರಿಂಗ್ 1.29 ಇಂಚು, ಅದೂ ಉಲ್ಟಾ ತಿರುಗುವಂಥದ್ದು. ಫ್ರೇಮು ತೈವಾನಿನದಿರಲಿ, ಹಬ್ ಜಪಾನಿನದಿರಲಿ, ಸವಾರ ಪುಣೆಯವನಿರಲಿ, ಈ ಅಂಕಿಗಳು ಬದಲಾಗುವುದಿಲ್ಲ. ಇವೆಲ್ಲ ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರ್, ಕವೆಂಟ್ರಿ, ಬರ್ಮಿಂಗ್‌ಹ್ಯಾಮ್‌ಗಳ ಕಾರ್ಖಾನೆಗಳಲ್ಲಿ ನೆಲೆಗೊಂಡ ಅಳತೆಗಳು.

ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ ಹಿಂದಿನ ಗಾಲಿಗೂ ಪೆಡಲಿಗೂ ನಡುವೆ ಬಿಡುವೇ ಇಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಹಾಯಾಗಿ ಕೂರುವಂತಿಲ್ಲ. ವೇಗ ತಗ್ಗಿಸಬೇಕೆಂದರೆ ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಹಾಗಾಗಿ ಚೈನು, ಸ್ಪ್ರಾಕೆಟ್, ಥ್ರೆಡ್ಡುಗಳ ಮೇಲೆ ಸೈಕಲ್ಲನ್ನು ಎಳೆಯುವ ಹೊಣೆಯ ಜೊತೆಗೆ ತಡೆಯುವ ಹೊಣೆಯೂ ಬೀಳುತ್ತದೆ. ಬೇರೆ ಸೈಕಲ್ಲುಗಳಲ್ಲಿ ಹೊಂದದ ಭಾಗ ಕಟಕಟ ಸದ್ದು ಮಾಡಬಹುದು. ಇಲ್ಲಿ ಅದು ಸವಾರನನ್ನು ಬೀಳಿಸಬಹುದು.

ಮೊದಲಿಗೆ ಎಲ್ಲ ಸೈಕಲ್ಲುಗಳೂ ಹೀಗೇ ಇದ್ದವು. 1870ರ ದಶಕದ ಪೆನ್ನಿ-ಫಾರ್ದಿಂಗ್‌ನಲ್ಲಿ ಪೆಡಲು ದೊಡ್ಡ ಮುಂಗಾಲಿಗೇ ನೇರವಾಗಿ ಅಂಟಿಕೊಂಡಿರುತ್ತಿತ್ತು. ಒಂದು ಸಲ ತುಳಿದರೆ ಗಾಲಿ ಒಂದು ಸುತ್ತು. ಹೆಚ್ಚು ದೂರ ಹೋಗಬೇಕೆಂದರೆ ಗಾಲಿಯೇ ದೊಡ್ಡದಾಗಬೇಕು, ಆದರೆ 60 ಇಂಚು ದಾಟಿದರೆ ಉದ್ದ ಕಾಲಿನವರಿಗೂ ಪೆಡಲು ಎಟುಕುವುದು ಕಷ್ಟ. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ಲನ್ನು ತಂದು ಈ ಮಿತಿಯನ್ನು ಮುರಿದ. ಅದರ ಎರಡು ಗಾಲಿಗಳ ಗಾತ್ರದಲ್ಲಿ ಹೆಚ್ಚು ಅಂತರವಿರಲಿಲ್ಲ. ಹಿಂಗಾಲಿಯನ್ನು ತಿರುಗಿಸುವ ಕೆಲಸ ಚೈನಿನದು.

ಆದರೂ ಹಳೆಯ ಲೆಕ್ಕ ಉಳಿದುಕೊಂಡಿತು. ಇವತ್ತಿಗೂ ಗೇರನ್ನು ‘ಗೇರ್ ಇಂಚು’ಗಳಲ್ಲಿ ಅಳೆಯುತ್ತಾರೆ. 48 ಹಲ್ಲಿನ ಚೈನ್‌ವೀಲ್, 17 ಹಲ್ಲಿನ ಸ್ಪ್ರಾಕೆಟ್, 27 ಇಂಚಿನ ಗಾಲಿ ಇದ್ದರೆ, 48ನ್ನು 17ರಿಂದ ಭಾಗಿಸಿ 27ರಿಂದ ಗುಣಿಸಬೇಕು. ಉತ್ತರ ಸುಮಾರು 76. ಅಂದರೆ, 76 ಇಂಚು ಎತ್ತರದ ಪೆನ್ನಿ-ಫಾರ್ದಿಂಗ್ ಒಂದು ತುಳಿತಕ್ಕೆ ಹೋಗುವಷ್ಟೇ ದೂರ ಈ ಸೈಕಲ್ಲೂ ಹೋಗುತ್ತದೆ. ಅಷ್ಟೆತ್ತರದ ಗಾಲಿಯನ್ನು ಯಾರೂ ಹತ್ತಲಾರರು, ಆದರೆ ಅಳತೆಗೋಲಾಗಿ ಅದು ಬದುಕಿದೆ.

ಚೈನಿನ ಕತೆ ಇದಕ್ಕೂ ಸ್ವಲ್ಪ ಹಿಂದೆ ಶುರುವಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹಾನ್ಸ್ ರೆನಾಲ್ಡ್ 1879ರಲ್ಲಿ ಜೇಮ್ಸ್ ಸ್ಲೇಟರ್ ಎಂಬವರ ಚೈನು ಕಾರ್ಖಾನೆಯನ್ನು ಕೊಂಡ. ಮರುವರ್ಷವೇ ಬುಷ್ ರೋಲರ್ ಚೈನಿಗೆ ಪೇಟೆಂಟ್ ಪಡೆದ. ಪಿನ್ನಿನ ಸುತ್ತ ಒಂದು ಬುಷ್, ಅದರ ಮೇಲೆ ಉರುಳುವ ರೋಲರ್. ಸವೆತ ಒಂದೇ ಕಡೆ ಬೀಳದೆ ಹಂಚಿಹೋಯಿತು. ಇಂದಿನ ಸೈಕಲ್ ಚೈನಿಗೂ ಮೂಲ ಇದೇ.

ಆದರೆ ಚೈನಿನ ಪಿಚ್, ಎಂದರೆ ಒಂದು ಪಿನ್ನಿನಿಂದ ಇನ್ನೊಂದಕ್ಕಿರುವ ದೂರ, ತಕ್ಷಣಕ್ಕೆ ಇತ್ಯರ್ಥವಾಗಲಿಲ್ಲ. ಒಂದು ಇಂಚಿನ ಪಿಚ್ಚಿನ ಚೈನುಗಳು ಬಹುಕಾಲ ಓಡಿದವು. ಟ್ರ್ಯಾಕ್ ರೇಸಿನವರಂತೂ ಅದನ್ನು 20ನೇ ಶತಮಾನದ ನಡುವಿನವರೆಗೂ ಪೂರ್ತಿ ಬಿಟ್ಟಿರಲಿಲ್ಲ. ಕೊನೆಗೆ ಗೆದ್ದದ್ದು ಅರ್ಧ ಇಂಚು. ಒಂದು ಇಂಚಿನ ಪಿಚ್ಚಿನಲ್ಲಿ 8 ಹಲ್ಲು ಬಿಟ್ಟರೆ ಮುಂದಿನದು 9. ಅರ್ಧ ಇಂಚಿನಲ್ಲಿ ಅದೇ ಗಾತ್ರಕ್ಕೆ 16, 17, 18 ಎಂದು ಮೂರು ಮೆಟ್ಟಿಲು ಸಿಗುತ್ತವೆ. ಒಂದೇ ಗೇರಿನಲ್ಲಿ ಊರೆಲ್ಲ ಸುತ್ತಬೇಕಾದವನಿಗೆ ಆ ಒಂದು ಹಲ್ಲಿನ ವ್ಯತ್ಯಾಸ ಮೊಣಕಾಲಿಗೆ ತಿಳಿಯುತ್ತದೆ.

1890ರ ದಶಕದ ಕೊನೆಗೆ ಫ್ರೀವೀಲ್ ಬಳಕೆಗೆ ಬಂತು. ಕಾಲು ನಿಲ್ಲಿಸಿದರೂ ಸೈಕಲ್ ಓಡತೊಡಗಿತು. ಜನ ಅದನ್ನೇ ಆರಿಸಿಕೊಂಡರು, ಫಿಕ್ಸೆಡ್ ಗೇರು ಮುಖ್ಯವಾಗಿ ರೇಸಿನ ಟ್ರ್ಯಾಕಿಗೆ ಸರಿಯಿತು. ಈ ನಡುವೆ ಬಂದೂಕು ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎಯಂಥ ಕಂಪನಿಗಳು ಸೈಕಲ್ಲಿನ ಬಿಡಿಭಾಗಗಳಿಗೂ ಕೈ ಹಾಕಿದ್ದವು. ಒಬ್ಬರ ಹಬ್ಬಿಗೆ ಇನ್ನೊಬ್ಬರ ಸ್ಪ್ರಾಕೆಟ್ ಕೂರಬೇಕಾದರೆ ಥ್ರೆಡ್ ಒಂದೇ ಆಗಬೇಕು. ಹಾಗೆ ನೆಲೆಗೊಂಡದ್ದು 1.37 ಇಂಚಿನ ಅಳತೆ. ಫಿಕ್ಸೆಡ್ ಸ್ಪ್ರಾಕೆಟ್, ಫ್ರೀವೀಲ್, ಕ್ರ್ಯಾಂಕಿನ ಬಾಟಮ್ ಬ್ರಾಕೆಟ್ ಮೂರಕ್ಕೂ ಇದೇ ಅಳತೆ. ಬಾಟಮ್ ಬ್ರಾಕೆಟ್ಟಿನ ಈ ಥ್ರೆಡ್ಡಿಗೆ ಜಗತ್ತಿನಾದ್ಯಂತ ಇವತ್ತಿಗೂ ಬಿಎಸ್‌ಎ ಎಂದೇ ಹೆಸರು.

ಈ ಒಂದೇ ಅಳತೆಯೊಳಗೆ ಒಂದು ಅಪಾಯವೂ ಅಡಗಿದೆ. ಸ್ಪ್ರಾಕೆಟ್ಟಿನದು ಬಲಮುರಿ ಥ್ರೆಡ್. ಮುಂದಕ್ಕೆ ತುಳಿದಷ್ಟೂ ಬಿಗಿಯಾಗುತ್ತದೆ, ಹಿಂದಕ್ಕೆ ಒತ್ತಿದರೆ ಬಿಚ್ಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ಟ್ರ್ಯಾಕ್ ಹಬ್ಬಿನಲ್ಲಿ ಇನ್ನೊಂದು ಮೆಟ್ಟಿಲಿದೆ. ಅದು ಸ್ವಲ್ಪ ಸಣ್ಣದು, 1.29 ಇಂಚು, ಎಡಮುರಿ. ಸ್ಪ್ರಾಕೆಟ್ ಬಿಚ್ಚಿಕೊಳ್ಳಲು ತಿರುಗಿದರೆ ಅದೇ ದಿಕ್ಕಿನಲ್ಲಿ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗುತ್ತದೆ. ಎರಡು ಥ್ರೆಡ್ಡುಗಳು ಒಂದನ್ನೊಂದು ಕಟ್ಟಿಹಾಕುವ ಈ ಏರ್ಪಾಡೇ ಫಿಕ್ಸೆಡ್ ಸೈಕಲ್ಲಿನ ಪ್ರಾಣ.

ಹಳೆಯ ರಸ್ತೆ ಸೈಕಲ್ಲಿನ ಫ್ರೀವೀಲ್ ಹಬ್ಬಿನಲ್ಲಿ ಈ ಎರಡನೆಯ ಮೆಟ್ಟಿಲಿಲ್ಲ. ಆದರೆ ಅದರ ಥ್ರೆಡ್ ಕೂಡ 1.37 ಆದ್ದರಿಂದ ಫಿಕ್ಸೆಡ್ ಸ್ಪ್ರಾಕೆಟ್ ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ. ಬಾಟಮ್ ಬ್ರಾಕೆಟ್ಟಿನ ಲಾಕ್‌ರಿಂಗೂ ಕೂರುತ್ತದೆ. ಕಣ್ಣಿಗೆ ಎಲ್ಲವೂ ಸರಿ. ಎರಡೂ ಬಲಮುರಿಯಾದ್ದರಿಂದ ಹಿಂದಕ್ಕೆ ಜೋರಾಗಿ ಒತ್ತಿದ ದಿನ ಎರಡೂ ಜೊತೆಯಲ್ಲೇ ಬಿಚ್ಚಿಕೊಳ್ಳಬಹುದು. ಸೈಕಲ್ ಬಲ್ಲವರು ಇದಕ್ಕೆ ‘ಸೂಸೈಡ್ ಹಬ್’ ಎನ್ನುತ್ತಾರೆ. ಕೂರುವುದಕ್ಕೂ ಹೊಂದುವುದಕ್ಕೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಎಲ್ಲರೂ ಇಂಗ್ಲಿಷ್ ಅಳತೆಗೆ ತಲೆಬಾಗಲಿಲ್ಲ. ಫ್ರೆಂಚರ ಹಳೆಯ ಥ್ರೆಡ್ 34.7 ಮಿಲಿಮೀಟರ್. ಇಟಲಿಯ ಕಂಪನೊಲೊ ಹಬ್ಬುಗಳ ಲಾಕ್‌ರಿಂಗ್ 1.32 ಇಂಚು, ಜಪಾನಿನ 1.29ರದ್ದು ಅದಕ್ಕೆ ಆಗದು. ಜಪಾನಿನಲ್ಲಿ 1948ರಲ್ಲಿ ಕೊಕುರಾ ನಗರದಲ್ಲಿ ಶುರುವಾದ ಕೆಯ್ರಿನ್ ರೇಸಿನಲ್ಲಿ ಜನ ಹಣ ಕಟ್ಟಿ ಜೂಜಾಡುತ್ತಾರೆ. ಗೆಲುವು ಸವಾರನದಾಗಬೇಕೇ ಹೊರತು ಯಂತ್ರದ್ದಾಗಬಾರದೆಂದು ಅಲ್ಲಿ ‘ಎನ್‌ಜೆಎಸ್’ ಮುದ್ರೆಯಿರುವ ಭಾಗಗಳನ್ನಷ್ಟೇ ಬಳಸಬೇಕು. ನ್ಯೂಯಾರ್ಕಿನ ಕೊರಿಯರ್ ಹುಡುಗರಿಂದ ಫಿಕ್ಸೆಡ್ ಗೇರು ಮತ್ತೆ ಬೀದಿಗೆ ಬಂದು ಫ್ಯಾಷನ್ ಆದಾಗ ಈ ಮುದ್ರೆಯ ಭಾಗಗಳಿಗೆ ಊರೂರಲ್ಲಿ ಬೇಡಿಕೆ ಬಂತು.

ಅರ್ಧ ಇಂಚನ್ನು ಬದಲಿಸುವ ಪ್ರಯತ್ನವೂ ನಡೆದಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಶಿಮಾನೊ ಕಂಪನಿ ಟ್ರ್ಯಾಕ್ ಸೈಕಲ್ಲಿಗೆ 10 ಮಿಲಿಮೀಟರ್ ಪಿಚ್ಚಿನ ಚೈನು ತಂದಿತು. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಹಲ್ಲುಗಳ ಸಂಖ್ಯೆ ಅಷ್ಟೇ ಇದ್ದರೂ ಚಕ್ರಗಳು ಐದನೇ ಒಂದರಷ್ಟು ಸಣ್ಣವಾದವು, ತೂಕ ತಗ್ಗಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಚೈನ್‌ವೀಲ್, ಸ್ಪ್ರಾಕೆಟ್, ಚೈನು ಮೂರನ್ನೂ ಒಟ್ಟಿಗೆ ಬದಲಿಸಬೇಕು, ಮತ್ತೆ ಬೇರೆ ಯಾರ ಭಾಗವೂ ಹೊಂದದು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು.

ಇವತ್ತು ಭಾಗ ಆರಿಸುವವರಿಗೆ ಈ ಇತಿಹಾಸ ನೇರವಾಗಿ ಕೆಲಸಕ್ಕೆ ಬರುತ್ತದೆ. ಗೇರ್ ಬದಲಿಸುವ ಸೈಕಲ್ಲುಗಳ ಜೊತೆ ಬಂದ 3/32 ಇಂಚಿನ ತೆಳು ಸ್ಪ್ರಾಕೆಟ್ಟಿನ ಮೇಲೆ 1/8 ಇಂಚಿನ ಅಗಲ ಚೈನು ಓಡುತ್ತದೆ, ಆದರೆ 1/8ರ ಸ್ಪ್ರಾಕೆಟ್ಟಿಗೆ 3/32ರ ಚೈನು ಇಳಿಯುವುದೇ ಇಲ್ಲ. ಚೈನ್‌ವೀಲೂ ಸ್ಪ್ರಾಕೆಟ್ಟೂ ಒಂದೇ ಗೆರೆಯಲ್ಲಿರಬೇಕು. ಟ್ರ್ಯಾಕ್ ಹಬ್ಬುಗಳಲ್ಲಿ ಆ ಗೆರೆ ಫ್ರೇಮಿನ ನಡುವಿನಿಂದ ಸುಮಾರು 42 ಮಿಲಿಮೀಟರ್ ದೂರದಲ್ಲಿರುತ್ತದೆ. ಹಿಂದಿನ ಗಾಲಿ ಕೂರುವ ಸೀಳು ಅಡ್ಡವಾಗಿದ್ದರೆ ಒಳ್ಳೆಯದು, ಚೈನು ಬಿಗಿ ಮಾಡಲು ಗಾಲಿಯನ್ನೇ ಹಿಂದಕ್ಕೆ ಎಳೆಯಬೇಕಲ್ಲ. ಒಂದು ಹಲ್ಲು ಹೆಚ್ಚಿಸಿದರೆ ಗಾಲಿ ಸುಮಾರು 3 ಮಿಲಿಮೀಟರ್ ಮುಂದೆ ಬರುತ್ತದೆ. ಇಷ್ಟೆಲ್ಲ ಸರಿಯಿದ್ದರೂ ಊರಿನ ರಸ್ತೆಗೆ ಮುಂದಿನ ಬ್ರೇಕು ಬೇಕೇ ಬೇಕು.

ಈ ಒಪ್ಪಂದ ಭಾರತಕ್ಕೂ ಬಂತು. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್ ಕಂಪನಿಯ ಮೂಲಕವೇ ಬಿಎಸ್‌ಎ, ಹರ್ಕ್ಯುಲಿಸ್ ಎಂಬ ಇಂಗ್ಲಿಷ್ ಹೆಸರುಗಳು ನಮ್ಮ ಮನೆಯಂಗಳದವಾದದ್ದು. ಹಾಲು, ಪೇಪರು ಹಾಕುವವರ ಕಪ್ಪು ಸೈಕಲ್ಲಿನ ಚೈನು ಇವತ್ತಿಗೂ 1/2 × 1/8. ಮುಂಬೈಯ ದಾದರಿನಲ್ಲೋ ಹೈದರಾಬಾದಿನ ಗಲ್ಲಿಯಲ್ಲೋ ಇರುವ ಸಣ್ಣ ಸೈಕಲ್ ಅಂಗಡಿಯ ಚೈನನ್ನು ಕೆಯ್ರಿನ್ ಚೈನ್‌ವೀಲಿಗೆ ಹಾಕಿದರೆ ಹಲ್ಲಿಗೆ ಹಲ್ಲು ಕೂರುತ್ತದೆ. ಆ ಅಂಗಡಿಯ ಡಬ್ಬಿಗಳಲ್ಲಿ ಸಿಗುವುದು ಕಷ್ಟವಾದ ಭಾಗ ಒಂದೇ, ಎಡಮುರಿಯ ಲಾಕ್‌ರಿಂಗ್. ಫ್ರೀವೀಲ್ ಸೈಕಲ್ಲಿಗೆ ಅದರ ಅಗತ್ಯವೇ ಬೀಳಲಿಲ್ಲ. ಬದಲಿಗೆ ಬಾಟಮ್ ಬ್ರಾಕೆಟ್ಟಿನ ರಿಂಗನ್ನು ತೋರಿಸಿ, ಇದೂ ಕೂರುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಮಾತು ಸುಳ್ಳಲ್ಲ. ಆದರೂ ಅದನ್ನು ಅಲ್ಲೇ ಬಿಟ್ಟು ಬರಬೇಕು.