ದಂಡು ನಡೆಸಿದವನ ನಾಡು

ಬಸ್ಸಿನಲ್ಲಿ ಟಿಕೆಟ್ಟಿಗೆಂದು ಚಿಲ್ಲರೆ ಹಿಡಿದು ನಾವು ಕರೆಯುವ ‘ಕಂಡಕ್ಟರ್’, ಸಿನಿಮಾಕ್ಕೆ ದುಡ್ಡು ಹಾಕುವ ‘ಪ್ರೊಡ್ಯೂಸರ್’, ಯುರೋಪಿನ ಚರಿತ್ರೆ ಓದುವಾಗ ಪುಟಪುಟಕ್ಕೂ ಎದುರಾಗುವ ‘ಡ್ಯೂಕ್’ – ಈ ಮೂವರೂ ದಾಯಾದಿಗಳು. ಮೂವರ ಮೂಲವೂ ಲ್ಯಾಟಿನ್ನಿನ ‘ದೂಕೆರೆ’ ಎಂಬ ಕ್ರಿಯಾಪದ. ನಡೆಸು, ಮುಂದಾಗಿ ಕರೆದೊಯ್ಯು ಎಂದು ಅದರ ಅರ್ಥ. ಹಾಗೆ ಕರೆದೊಯ್ಯುವವನು ‘ದುಕ್ಸ್’. ಮೊದಮೊದಲು ಇದು ಬಿರುದೇನಲ್ಲ, ಬರಿಯ ಕೆಲಸದ ಹೆಸರು. ದಾರಿ ತೋರುವವನೂ ದುಕ್ಸ್, ಪಡೆಯ ಮುಂದಾಳೂ ದುಕ್ಸ್, ಮಂದೆಯ ಮುಂದೆ ಕೊಂಬು ಕುಣಿಸುತ್ತ ಹೋಗುವ ಟಗರು ಕೂಡ ಲ್ಯಾಟಿನ್ ಕವಿಗಳ ಬಾಯಲ್ಲಿ ‘ಹಿಂಡಿನ ದುಕ್ಸ್’. ನಡೆಯುವವರಿಗಷ್ಟೇ ಸಲ್ಲುತ್ತಿದ್ದ ಈ ಪದ ನಿಂತ ನೆಲಕ್ಕೆ ಹೆಸರಾದದ್ದು ಹೇಗೆ ಎಂಬುದೇ ನಮ್ಮನ್ನು ಹಿಡಿದು ನಿಲ್ಲಿಸುವ ಸಂಗತಿ.

ಪದ ಬಿರುದಾದದ್ದು ಗಡಿಯಲ್ಲಿ. 284ರಿಂದ 305ರವರೆಗೆ ಆಳಿದ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ನನ ಕಾಲದಿಂದ ದಂಡಿನ ಅಧಿಕಾರ ಬೇರೆ, ಕಂದಾಯ ಮತ್ತು ನ್ಯಾಯದ ಅಧಿಕಾರ ಬೇರೆ ಎಂದು ವಿಂಗಡವಾಗತೊಡಗಿತು. ಗಡಿಯ ದಂಡನ್ನು ಹಿಡಿದವನು ದುಕ್ಸ್ ಎನಿಸಿಕೊಂಡ. ಹೆಸರಿನ ಹಿಂದೆ ಪ್ರಾಂತದ ಷಷ್ಠೀವಿಭಕ್ತಿ ಅಂಟಿಕೊಂಡದ್ದೂ ಆಗಲೇ: ‘ದುಕ್ಸ್ ಬ್ರಿಟಾನಿಯಾರುಂ’ ಎಂದರೆ ಬ್ರಿಟನ್ ಪ್ರಾಂತಗಳ ದುಕ್ಸ್. ನೆಲ ಇನ್ನೂ ಅವನದಲ್ಲ, ಆದರೆ ವ್ಯಾಕರಣ ಆಗಲೇ ನೆಲವನ್ನು ಅವನ ಪಕ್ಕ ತಂದು ಕೂರಿಸಿತ್ತು. ಪಶ್ಚಿಮದಲ್ಲಿ ಸಾಮ್ರಾಜ್ಯ ಕುಸಿದ ಮೇಲೆ, 568ರಲ್ಲಿ ಇಟಲಿಗೆ ನುಗ್ಗಿದ ಲೊಂಬಾರ್ಡರು ತಮ್ಮ ದಂಡಿನ ಮುಂದಾಳುಗಳಿಗೆ ಇದೇ ಹೆಸರನ್ನಿಟ್ಟರು. ಅವರ ದೊರೆ ಕ್ಲೆಫ್ 574ರಲ್ಲಿ ಕೊಲೆಯಾದಾಗ ಹತ್ತು ವರ್ಷ ಮತ್ತೊಬ್ಬ ದೊರೆಯನ್ನು ಆರಿಸದೆ, ಮೂವತ್ತೈದು ಡ್ಯೂಕರು ತಂತಮ್ಮ ಊರುಗಳನ್ನು ಹಿಡಿದು ಕುಳಿತರೆಂದು ಅವರ ಚರಿತ್ರೆ ಬರೆದ ಪಾಲ್ ದಿ ಡೀಕನ್ ಹೇಳುತ್ತಾನೆ. ಸ್ಪೊಲೆಟೊ, ಬೆನೆವೆಂಟೊಗಳಂಥ ಕಡೆ ದೊರೆಯ ಮಾತು ತಲುಪುವುದೇ ಕಷ್ಟವಾಗಿತ್ತು. ನಡೆಸುವವನು ಈಗ ಕೂತುಬಿಟ್ಟಿದ್ದ.

ಅವನು ಕೂತ ನೆಲದ ಹೆಸರು ‘ದುಕಾತುಸ್’. ಫ್ರೆಂಚಿನ ‘ದ್ಯುಷೆ’, ಸ್ಪಾನಿಷ್‌ನ ‘ದುಕಾದೊ’, ಇಂಗ್ಲಿಷಿನ ‘ಡಚಿ’ ಎಲ್ಲವೂ ಇದರ ಸಂತಾನ. ಇಲ್ಲಿಯ ಪ್ರತ್ಯಯವನ್ನು ಕಣ್ಣಿಟ್ಟು ನೋಡೋಣ: ಅದು ನಮ್ಮ ‘ತನ’ದ ಹಾಗೆ ಭಾವನಾಮವನ್ನು ಹುಟ್ಟಿಸುತ್ತದೆ. ಮೊದಲು ದುಕ್ಸ್‌ತನ, ಆಮೇಲೆ ಆ ತನ ನಡೆಯುವಷ್ಟು ಸೀಮೆ. ಈ ಜಾರುವಿಕೆಯನ್ನು ಕನ್ನಡಿಗರಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ‘ನೀ’ ಧಾತು, ಅಂದರೆ ಕೊಂಡೊಯ್ಯು. ಅದರಿಂದ ನೇತಾರ, ನೀತಿ, ನಯನ, ನಾಯಕ. ಆ ನಾಯಕನಿಂದ ‘ನಾಯಕತನ’. ವಿಜಯನಗರದ ಕಾಲದ ಶಾಸನಗಳಲ್ಲಿ ಇಂಥವರ ನಾಯಕತನಕ್ಕೆ ಸಲುವ ಸೀಮೆಯೆಂದು ಊರುಗಳ ಲೆಕ್ಕ. ಗುಣವಾಚಿಯಾದ ಮಾತು ಗದ್ದೆ ತೋಟಗಳನ್ನು ಅಳೆಯುವ ಮಾತಾಗಿ ಗಟ್ಟಿಯಾಗುವುದು ಎರಡು ಕಡೆಯೂ ಒಂದೇ ಬಗೆ, ಒಂದು ಇನ್ನೊಂದರಿಂದ ಕಲಿತದ್ದಲ್ಲ.

ಜರ್ಮನ್ ನಾಡುಗಳಿಗೆ ಹೋದರೆ ಇನ್ನೂ ದೊಡ್ಡ ಸೊಗಸು ಕಾದಿದೆ. ಸ್ಯಾಕ್ಸನಿ, ಬವೇರಿಯಾ, ಸ್ವಾಬಿಯಾ ಮೊದಲಾದ ಹಳೆಯ ಡಚಿಗಳ ಒಡೆಯನನ್ನು ಅಲ್ಲಿಯವರು ‘ಹೆರ್ಟ್ಸೋಗ್’ ಎನ್ನುತ್ತಾರೆ. ಹಳೆಯ ರೂಪ ‘ಹೆರಿಜೋಗೊ’. ‘ಹೆರಿ’ ಎಂದರೆ ದಂಡು, ‘ಜೋಗೊ’ ಎಂದರೆ ಎಳೆದೊಯ್ಯುವವನು. ನಮ್ಮ ‘ದಂಡನಾಯಕ’ನನ್ನು ಬಿಡಿಸಿಟ್ಟರೆ ಸಿಗುವುದೂ ಇವೇ ಎರಡು ತುಂಡುಗಳು, ಇದೇ ಅನುಕ್ರಮದಲ್ಲಿ! ಅಷ್ಟೇ ಅಲ್ಲ, ಆ ‘ಜೋಗೊ’ದ ಕ್ರಿಯಾಪದವೂ ಲ್ಯಾಟಿನ್ನಿನ ‘ದೂಕೆರೆ’ಯೂ ಒಂದೇ ಆದಿಧಾತುವಿನ ಕವಲುಗಳು; ಬೇರೆಯಾಗಿ ಸಾವಿರಾರು ವರ್ಷ ಕಳೆದ ಮೇಲೆ ಒಂದೇ ಪದವಿಯ ಪೀಠದಲ್ಲಿ ಮತ್ತೆ ಭೇಟಿಯಾದವು. ಈ ಹೆರ್ಟ್ಸೋಗ್ ಡಚ್ಚರಲ್ಲಿ ‘ಹೆರ್ತೊಖ್’, ಸ್ವೀಡನ್ನಿನಲ್ಲಿ ‘ಹೆರ್ತಿಗ್’, ಹಂಗೇರಿಯಲ್ಲಿ ‘ಹೆರ್ತ್ಸೆಗ್’ ಆಯಿತು; ಸ್ತೇಪಾನ್ ವುಕ್ಚಿಚ್ ಕೊಸಾಚಾ ಎಂಬ ಪಾಳೆಯಗಾರ 1448ರಲ್ಲಿ ಆ ಬಿರುದು ಧರಿಸಿದ ಮೇಲೆ ಅವನ ಬೆಟ್ಟಸೀಮೆಗೆ ಹೆರ್ಜೆಗೋವಿನಾ ಎಂಬ ಹೆಸರು ನಿಂತಿತು. ಸ್ಲಾವ್ ನುಡಿಗಳಲ್ಲಿ ದಂಡು ನಡೆಸುವವನಿಗೆ ಸ್ವಂತದ್ದೇ ಸಮಾಸವಿದೆ, ‘ವೊಯ್ವೊದ’. ಅವನ ನಾಡು ಸರ್ಬಿಯಾದ ವೊಯ್ವೊದಿನಾ. ಹಳಗನ್ನಡದ ಪಡೆವಳನಿಂದ ಮೈಸೂರಿನ ದಳವಾಯಿಯವರೆಗೆ ಹೆಸರುಗಳನ್ನು ಸಾಲಾಗಿ ಕಂಡ ನಮಗೆ ಇವರಾರೂ ಅಪರಿಚಿತರೆನಿಸುವುದಿಲ್ಲ.

ಲಿಥುವೇನಿಯಾದ, ಮಾಸ್ಕೋದ ‘ಗ್ರ್ಯಾಂಡ್ ಡ್ಯೂಕ್’ ಮಾತ್ರ ಈ ಕುಲದವನಲ್ಲ. ಅಲ್ಲಿಯ ಮೂಲಪದಗಳಾದ ‘ಕುನಿಗಾಯ್ಕ್ಷ್ತಿಸ್’, ‘ಕ್ನ್ಯಾಜ್’ ಎರಡೂ ಜರ್ಮಾನಿಕ್ ನುಡಿಗಳ ‘ಕುನಿಂಗ್’ನಿಂದ ಬಂದವು, ಇಂಗ್ಲಿಷಿನ ‘ಕಿಂಗ್’ ಕೂಡ ಅದೇ. ಅರಸನೆಂಬ ಪದವೇ ಅನುವಾದದಲ್ಲಿ ಒಂದು ಮೆಟ್ಟಿಲು ಇಳಿದು ಡ್ಯೂಕ್ ಆಯಿತು.

ಪದಕ್ಕೆ ಇಷ್ಟು ತೂಕ ಬಂದ ಮೇಲೆ ಅದನ್ನು ಕೊಳ್ಳುವವರೂ ಕದಿಯುವವರೂ ಹುಟ್ಟಿದರು. ಮಿಲಾನಿನ ಜಾನ್ ಗಲೆಯಾತ್ಸೊ ವಿಸ್ಕೊಂತಿ 1395ರಲ್ಲಿ 1,00,000 ಫ್ಲೋರಿನ್ ಕೊಟ್ಟು ಡ್ಯೂಕ್ ಆದ. ಆಸ್ಟ್ರಿಯಾದ ನಾಲ್ಕನೆಯ ರುಡಾಲ್ಫನಿಗೆ ಡ್ಯೂಕ್ ಪದವಿ ಸಾಲದೆ, ‘ಆರ್ಚ್‌ಡ್ಯೂಕ್’ ಎಂದರೆ ಮಹಾದಂಡನಾಯಕನೆನಿಸಿಕೊಳ್ಳಲು, 1358–59ರಲ್ಲಿ ಹುಸಿ ಸನದುಗಳನ್ನು ಬರೆಯಿಸಿದ. ಅವುಗಳಲ್ಲಿ ಸಾಕ್ಷಾತ್ ಜೂಲಿಯಸ್ ಸೀಸರನ ಪತ್ರವೂ ಇತ್ತು. ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಅದನ್ನು ಪರೀಕ್ಷೆಗೆ ಕಳಿಸಿದ್ದು ಕವಿ ಪೆಟ್ರಾರ್ಕನಿಗೆ. ಪೆಟ್ರಾರ್ಕ ಕೈಯಿಟ್ಟದ್ದು ಎಲ್ಲಿಗೆ? ಒಂದು ಸರ್ವನಾಮಕ್ಕೆ. ಪತ್ರದ ಸೀಸರ್ ತನ್ನನ್ನು ‘ನಾವು’ ಎಂದುಕೊಂಡಿದ್ದ. ನಿಜವಾದ ಸೀಸರ್ ಹಾಗೆ ಬರೆಯುತ್ತಿರಲಿಲ್ಲ. ಪದಗಳ ಜಾಡು ಹಿಡಿಯುವ ನಮ್ಮ ವಿದ್ಯೆಯ ಬೆಲೆಯನ್ನು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಕತೆ ಇದೇ. ಆದರೂ 1453ರಲ್ಲಿ ಅದೇ ವಂಶದ ಮೂರನೆಯ ಫ್ರೆಡರಿಕ್ ಚಕ್ರವರ್ತಿಯಾಗಿ ಆ ಸನದನ್ನು ಊರ್ಜಿತಗೊಳಿಸಿದ, ಖೋಟಾ ಪದವಿ ಖರೆಯಾಯಿತು.

ವೆನಿಸ್ಸಿನಲ್ಲಿ ದುಕ್ಸ್ ‘ದೋಜೆ’ ಆದ; ನೆಲ ಕಡಿಮೆ, ಕಡಲು ಹೆಚ್ಚು. 1284ರಲ್ಲಿ ಅಲ್ಲಿ ಟಂಕಿಸಿದ, ಮೂರೂವರೆ ಗ್ರಾಂ ತೂಗುವ ಬಂಗಾರದ ನಾಣ್ಯಕ್ಕೆ ‘ದುಕಾತ್’ ಎಂದೇ ಹೆಸರು: ಡಚಿಯ ಹೆಸರು ಹೊತ್ತ ನಾಣ್ಯ. ಮಂಡಿಯೂರಿದ ದೋಜೆಗೆ ಸಂತ ಮಾರ್ಕ್ ಕೊಡುವ ಪತಾಕೆಯ ದಂಡದ ಗುಂಟ ‘ದುಕ್ಸ್’ ಎಂಬ ಮೂರಕ್ಷರ ಮೇಲಿನಿಂದ ಕೆಳಕ್ಕೆ ಕೆತ್ತಿದೆ. ಮೆಣಸಿನ ವ್ಯಾಪಾರದ ಬೆನ್ನುಹತ್ತಿ ಈ ನಾಣ್ಯ ನಮ್ಮ ಪಡುವಣ ಕರಾವಳಿಗೂ ಬಂತು. ಇದಕ್ಕೇ ಆಮೇಲೆ ‘ಜೆಕ್ಕೀನೊ’ ಎಂಬ ಹೆಸರು ಬಿತ್ತು, ಟಂಕಸಾಲೆಗೆ ಇಟಾಲಿಯನ್ನರು ಹೇಳುವ ‘ಜೆಕ್ಕ’ದಿಂದ ಬಂದದ್ದು, ಅದು ಅರಬ್ಬಿಯ ‘ಸಿಕ್ಕಾ’ದಿಂದ, ನಮ್ಮ ಹಳಬರು ಎಣಿಸುತ್ತಿದ್ದ ಸಿಕ್ಕಾ ರೂಪಾಯಿಯ ಸಿಕ್ಕಾವೂ ಅದೇ.

ಇಂಗ್ಲೆಂಡಿಗೆ ಡ್ಯೂಕ್ ಬಂದದ್ದು ತಡವಾಗಿ, 1337ರಲ್ಲಿ, ಮೂರನೆಯ ಎಡ್ವರ್ಡ್ ತನ್ನ ಮಗನಿಗೆ ಕಾರ್ನ್‌ವಾಲ್ ಕೊಟ್ಟಾಗ. ಅದಕ್ಕಿಂತ ಮೊದಲೇ ಆ ಅರಸರು ಕಡಲಾಚೆಯ ನಾರ್ಮಂಡಿಗೆ ಡ್ಯೂಕರಾಗಿದ್ದರು. 1204ರಲ್ಲಿ ಆ ನೆಲ ಫ್ರಾನ್ಸಿಗೆ ಹೋಯಿತು, 1259ರ ಪ್ಯಾರಿಸ್ ಒಪ್ಪಂದದಲ್ಲಿ ಬಿರುದನ್ನೂ ಬಿಟ್ಟುಕೊಟ್ಟರು. ಉಳಿದದ್ದು ಜರ್ಸಿ, ಗರ್ನ್‌ಸೀಯಂಥ ನಾಲ್ಕಾರು ಕಿರುದ್ವೀಪಗಳು. ಎರಡನೆಯ ಎಲಿಜಬೆತ್ ಆಳಿದ ಎಪ್ಪತ್ತು ವರ್ಷವೂ ಆ ದ್ವೀಪಗಳ ಔತಣಗಳಲ್ಲಿ ಜನ ಬಟ್ಟಲೆತ್ತಿ ಹಾರೈಸುತ್ತಿದ್ದ ಫ್ರೆಂಚ್ ಮಾತು ‘ರಾಣಿ, ನಮ್ಮ ಡ್ಯೂಕ್’ ಎಂದು. ಡಚೆಸ್ ಅಲ್ಲ, ಡ್ಯೂಕ್, ಪುಲ್ಲಿಂಗದಲ್ಲೇ.