ಆನ್‌ಲೈನ್ ಆಟಗಳು: ಯಂತ್ರಾಂಶ ಮಾಹಿತಿ ಸಂಗ್ರಹ

ಮದರ್‌ಬೋರ್ಡ್, ಹಾರ್ಡ್ ಡಿಸ್ಕ್‌ಗಳ ಸರಣಿ ಸಂಖ್ಯೆ, ನೆಟ್‌ವರ್ಕ್ ಕಾರ್ಡಿನ ವಿಳಾಸ ಮುಂತಾದವನ್ನು ಕೂಡಿಸಿ ಒಂದು ಕಂಪ್ಯೂಟರನ್ನು ಗುರುತಿಸುವ ಕ್ರಮವೊಂದಿದೆ. ಮೋಸ ಮಾಡಿ ಸಿಕ್ಕಿಬಿದ್ದವನು ಹೊಸ ಖಾತೆ ತೆರೆದು ಮರಳದಂತೆ ಯಂತ್ರವನ್ನೇ ನಿಷೇಧಿಸಲು ಆಟದ ಕಂಪನಿಗಳು ಇದನ್ನು ಬಳಸುತ್ತವೆ. ಇದರಲ್ಲಿ ಹೆಸರಾಗಲಿ ಫೋನ್ ನಂಬರಾಗಲಿ ಇಲ್ಲವಲ್ಲ, ಖಾಸಗಿತನಕ್ಕೆ ಧಕ್ಕೆಯೇನು ಎಂದು ಕೇಳುವವರಿದ್ದಾರೆ. ಆದರೆ ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಮದರ್‌ಬೋರ್ಡಿನ ಸಂಖ್ಯೆಯನ್ನು ಸಾಮಾನ್ಯ ಬಳಕೆದಾರ ಬದಲಿಸಲಾರ. ಖಾತೆಯೊಂದಿಗೆ ಸೇರಿದೊಡನೆ ಅದು ವ್ಯಕ್ತಿಯ ಗುರುತೇ ಆಗುತ್ತದೆ. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಂಡವನಿಗೆ ಹಿಂದಿನ ಮಾಲೀಕನ ನಿಷೇಧವೂ ಗಂಟುಬೀಳಬಹುದು.

ಮೋಸತಡೆ ತಂತ್ರಾಂಶ ಕಂಪ್ಯೂಟರಿನ ಆಳಕ್ಕಿಳಿಯದಿದ್ದರೆ ಮೋಸಗಾರರು ಆಟವನ್ನೇ ಕೆಡಿಸುತ್ತಾರೆ ಎಂಬ ಆಕ್ಷೇಪಣೆ ಸುಳ್ಳಲ್ಲ. ಮೋಸದ ತಂತ್ರಾಂಶವೂ ಕರ್ನಲ್‌ಗೇ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೇ, ಇಳಿದಿದೆ. 2020ರ ವ್ಯಾಲೊರಂಟ್ ಆಟದ ವ್ಯಾನ್‌ಗಾರ್ಡ್ ಮೋಸತಡೆ ಡ್ರೈವರ್ ಕಂಪ್ಯೂಟರ್ ಆನ್ ಆದಾಗಲೇ, ಆಟ ತೆರೆಯುವ ಮೊದಲೇ, ಕರ್ನಲ್ ಮಟ್ಟದಲ್ಲಿ ಚಾಲೂ ಆಗುವುದು ಇದೇ ಕಾರಣಕ್ಕೆ. ಕಂಪನಿಯ ಉದ್ದೇಶ ಒಳ್ಳೆಯದಿದ್ದರೆ ಸಾಕೇ? 2013ರಲ್ಲಿ ಅಮೆರಿಕದ ಇಎಸ್‌ಇಎ ಸಂಸ್ಥೆಯ ಮೋಸತಡೆ ತಂತ್ರಾಂಶದೊಳಗೆ ಸೇರಿಕೊಂಡ ಗುಪ್ತ ಕೋಡ್ ಆಟಗಾರರ ಗ್ರಾಫಿಕ್ಸ್ ಕಾರ್ಡ್‌ಗಳಿಂದ ಬಿಟ್‌ಕಾಯಿನ್ ಗಣಿಗಾರಿಕೆ ನಡೆಸಿತು. 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್‌ನ ಮೋಸತಡೆ ಡ್ರೈವರನ್ನು, ಆ ಆಟವೇ ಇಲ್ಲದ ಕಂಪ್ಯೂಟರಿಗೂ ತಂದಿಟ್ಟು, ರ‍್ಯಾನ್ಸಮ್‌ವೇರ್ ದಾಳಿಕೋರರು ಆಂಟಿವೈರಸ್ಸನ್ನು ಕೊಲ್ಲಲು ಬಳಸಿದರು. ಇದಕ್ಕೆ ಹೋಲಿಸಿದರೆ ಆಟಗಳನ್ನು ಮಾರುವ ತಾಣವಾದ ಸ್ಟೀಮ್‌ನ ಯಂತ್ರಾಂಶ ಸಮೀಕ್ಷೆ ಸೌಮ್ಯವಾದುದು: ಕೇಳಿಯೇ ಪಡೆಯುತ್ತದೆ, ಬೇಡವೆನ್ನಲು ಅವಕಾಶವಿದೆ. ವ್ಯಾನ್‌ಗಾರ್ಡನ್ನು ಒಲ್ಲೆನೆಂದವನಿಗೆ ಕಂಪ್ಯೂಟರಿನಲ್ಲಿ ವ್ಯಾಲೊರಂಟ್ ಆಡುವ ಅವಕಾಶವೇ ಇಲ್ಲ. ಅಂಥ ಒಪ್ಪಿಗೆಯನ್ನು ಸ್ವಇಚ್ಛೆಯದೆಂದು ಕರೆಯಲಾಗದು.