ಕೇಪ್ ಬಯಲಿನ ಪರದೇಶಿ ಜಾಲಿ

ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಜನರು ‘ಪೋರ್ಟ್ ಜ್ಯಾಕ್‌ಸನ್’ ಎಂದು ಕರೆಯುವ ಪೊದೆಗಿಡಕ್ಕೂ ಸಿಡ್ನಿಯಲ್ಲಿರುವ ಆ ಹೆಸರಿನ ಬಂದರಿಗೂ ಯಾವ ಸಂಬಂಧವೂ ಇಲ್ಲ. ಗಿಡದ ತೌರು ಆ ಬಂದರಿಗೆ ಮೂರು ಸಾವಿರ ಕಿಲೋಮೀಟರಿಗೂ ದೂರದಲ್ಲಿರುವ, ಆಸ್ಟ್ರೇಲಿಯದ ನೈಋತ್ಯ ಮೂಲೆಯ ಮರಳುನೆಲ. ಅಮೆರಿಕದಿಂದ ಬಂದ ಗಿಡವೊಂದನ್ನು ‘ಬಳ್ಳಾರಿ ಜಾಲಿ’ ಎಂದು ಕರೆಯುತ್ತಿರುವ ನಮಗೆ ಇದನ್ನು ಕಂಡು ನಗುವ ಅಧಿಕಾರವಿಲ್ಲವೆಂಬುದು ನಿಜ.

ತೌರಿನಲ್ಲಿ ಈ ಗಿಡವನ್ನು ಮೊದಲು ಅರಿತವರು ನೂಂಗಾರ್ ಜನರು. ಅವರು ಇದನ್ನು ‘ಕೂಜಾಂಗ್’ ಎನ್ನುತ್ತಿದ್ದರು. ಇದರ ಅಂಟನ್ನೂ ಬೀಜವನ್ನೂ ಆಹಾರಕ್ಕೆ ಬಳಸುತ್ತಿದ್ದರು. 1792ರಲ್ಲಿ ಆ ಕರಾವಳಿಗೆ ಬಂದಿದ್ದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲಾಬಿಲ್ಯಾರ್ದಿಯೇರ್ ಮುಂದೆ ಇದನ್ನು ವರ್ಣಿಸಿದನು. 1839ರಲ್ಲಿ ಲಿಂಡ್ಲೆಯು ಇದಕ್ಕೆ ಅಕೇಸಿಯ ಸಯನೋಫಿಲ್ಲ ಎಂಬ ಬೇರೆ ಹೆಸರಿಟ್ಟುದರಿಂದ ಹುಟ್ಟಿದ ಗೊಂದಲವು 1974ರವರೆಗೂ ಬಗೆಹರಿಯಲಿಲ್ಲ. ಇಂದು ಅಂಗೀಕೃತವಾದ ಹೆಸರು ಅಕೇಸಿಯ ಸಲಿಗ್ನ. ಹಳೆಯ ಅರಣ್ಯ ವರದಿಗಳನ್ನು ಓದುವ ವಿದ್ಯಾರ್ಥಿಗಳು ಎರಡು ಹೆಸರುಗಳನ್ನೂ ನೆನಪಿನಲ್ಲಿಡಬೇಕು.

ಇದು ಕೇಪಿಗೆ ಬಂದುದು 1830ರ ದಶಕದಲ್ಲಿ. ಕೇಪ್ ಟೌನ್ ನಗರಕ್ಕೂ ಒಳನಾಡಿಗೂ ನಡುವೆ ಹರಡಿದ್ದ ಬಯಲಿನಲ್ಲಿ ಮರಳು ಗಾಳಿಗೆ ಸಿಕ್ಕು ಸರಿದಾಡುತ್ತಿತ್ತು. ಎತ್ತಿನ ಬಂಡಿಗಳ ಗಾಲಿ ಹೂತುಹೋಗುತ್ತಿತ್ತು. ಆ ಮರಳು ಕೇವಲ ಪ್ರಕೃತಿಯ ಕೃತ್ಯವಲ್ಲ. ಸೌದೆಗಾಗಿ ಪೊದೆಗಳನ್ನು ಕಡಿದು, ದನಕುರಿಗಳನ್ನು ಮೇಯಿಸಿ ನೆಲವನ್ನು ಬರಿದುಮಾಡಿದುದರ ಪಾಲೂ ಅದರಲ್ಲಿತ್ತು. ಕಾಲೊನಿಯಲ್ ಸೆಕ್ರೆಟರಿ ಜಾನ್ ಮಾಂಟೆಗು 1845ರಲ್ಲಿ ಗಟ್ಟಿರಸ್ತೆಯನ್ನು ಮುಗಿಸಿದಾಗ, ಮರಳನ್ನು ಹಿಡಿದು ನಿಲ್ಲಿಸದೆ ರಸ್ತೆ ಉಳಿಯದೆಂಬುದು ಸ್ಪಷ್ಟವಾಯಿತು. ಶತಮಾನದ ಕೊನೆಯ ಭಾಗದಲ್ಲಿ ಈ ಕೆಲಸವನ್ನು ವಿಸ್ತರಿಸಿದ ಸ್ಟಾರ್ ಲಿಸ್ಟರ್ ಎಂಬ ಅಧಿಕಾರಿಯು ಅದಕ್ಕೆ ಮೊದಲು ಪಂಜಾಬಿನ ಅರಣ್ಯ ಇಲಾಖೆಯಲ್ಲಿ ಸೇವೆ ಸಲ್ಲಿಸಿದ್ದವನು. ನಗರದ ಕಸವನ್ನು ಮರಳಿನ ಮೇಲೆ ಹರಡಿ ಬೀಜ ಬಿತ್ತುವ ಕ್ರಮವು ಆಗ ಆಚರಣೆಗೆ ಬಂದಿತು.

ಗಿಡವು ಬೇಡಿದುದಕ್ಕಿಂತ ಹೆಚ್ಚನ್ನೇ ಕೊಟ್ಟಿತು. ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಪಡೆಯುವುದರಿಂದ ಬಡ ಮರಳಿನಲ್ಲಿಯೂ ಕೆಲವೇ ವರ್ಷಗಳಲ್ಲಿ ಆಳೆತ್ತರವನ್ನು ಮೀರಿ ಬೆಳೆಯುತ್ತದೆ. ಕಡಿದರೆ ಮತ್ತೆ ಚಿಗುರುತ್ತದೆ. ಸೌದೆಗೂ, ಚರ್ಮ ಹದಮಾಡುವ ತೊಗಟೆಗೂ ಒದಗುತ್ತದೆ. ಲಿಬಿಯ, ಟ್ಯುನೀಸಿಯ ದೇಶಗಳಲ್ಲಿ ಮರಳುದಿಬ್ಬಗಳನ್ನು ಕಟ್ಟಿಹಾಕಲೂ ಆಡುಕುರಿಗಳ ಮೇವಿಗೂ ಇದನ್ನೇ ನೆಟ್ಟರು. ಆದರೆ ಇದರ ಬೀಜವು ಮಣ್ಣಿನಲ್ಲಿ ಬಹುಕಾಲ ಬದುಕಿದ್ದು, ಕಾಡುಕಿಚ್ಚು ಸುಟ್ಟೊಡನೆ ಒಟ್ಟಾಗಿ ಮೊಳೆಯುತ್ತದೆ. ಕೇಪಿನ ಸ್ವಂತ ಪೊದೆಗಾಡಾದ ‘ಫೈನ್‌ಬಾಸ್’ ಅನೇಕ ಕಡೆ ಇದರಡಿ ಮುಚ್ಚಿಹೋಯಿತು.

ನೆಟ್ಟವರು ಅವಿವೇಕಿಗಳೆಂದು ಇಂದಿನ ಬರೆಹಗಳು ಸೂಚಿಸುವುದುಂಟು. ಈ ತೀರ್ಪನ್ನು ನಾವು ಒಪ್ಪಲಾರೆವು. ಅವರ ಮುಂದೆ ಇದ್ದುದು ಮರಳಿನ ಪ್ರಶ್ನೆ. ಅದಕ್ಕೆ ಅವರು ಉತ್ತರ ಕಂಡುಕೊಂಡರು. ಆ ಉತ್ತರದಿಂದ ದೊರೆತ ನೆಲವನ್ನು ಮುಂದಿನವರು ಹೇಗೆ ಬಳಸಿದರೆಂಬುದೇ ಹೆಚ್ಚು ಕಠಿನವಾದ ವಿಷಯ. 1950ರ ಗ್ರೂಪ್ ಏರಿಯಾಸ್ ಶಾಸನದ ಬಲದಿಂದ ನಗರದಿಂದ ಹೊರದೂಡಲ್ಪಟ್ಟ ಬಿಳಿಯರಲ್ಲದ ಕುಟುಂಬಗಳನ್ನು ತಂದಿಳಿಸಿದುದು ಇದೇ ಬಯಲಿಗೆ. 1975ರಲ್ಲಿ ಕ್ರಾಸ್‌ರೋಡ್ಸ್ ಎಂಬ ಗುಡಿಸಲೂರು ತಲೆಯೆತ್ತಿದ್ದೂ ಇಲ್ಲಿಯೇ. ನಗರದಲ್ಲಿ ನೆಲಸಲು ಪರವಾನಗಿಯಿಲ್ಲದ ಹೆಂಗಸರು 1980ರ ದಶಕದಲ್ಲಿ ಪೋರ್ಟ್ ಜ್ಯಾಕ್‌ಸನ್ ಕೊಂಬೆಗಳನ್ನು ಬಗ್ಗಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಸೂರು ಮಾಡಿಕೊಂಡರು. ಪೋಲೀಸರು ಕಿತ್ತುಹಾಕಿದರೆ ಮತ್ತೆ ಕಟ್ಟಿದರು. ಗಿಡದ ಉಪಯೋಗಗಳ ಪಟ್ಟಿಗಳಲ್ಲಿ ಈ ಉಪಯೋಗ ನಮಗೆ ಕಾಣಲಿಲ್ಲ.

ಅದೇ ದಶಕದಲ್ಲಿ, 1987ರಲ್ಲಿ, ಗಿಡದ ತೌರಿನಿಂದಲೇ ತುಕ್ಕುರೋಗದ ಶಿಲೀಂಧ್ರವೊಂದನ್ನು ತಂದು ಬಿಡಲಾಯಿತು. ಅದು ಕೊಂಬೆಗಳ ಮೇಲೆ ದಪ್ಪ ಕಂದು ಗಂಟುಗಳನ್ನು ಎಬ್ಬಿಸಿ ಗಿಡವನ್ನು ಸೊರಗಿಸುತ್ತದೆ. ಗಿಡಗಳ ದಟ್ಟಣೆ ಬಹುವಾಗಿ ತಗ್ಗಿತು. 2001ರಲ್ಲಿ ಬೀಜವನ್ನು ತಿನ್ನುವ ಸೊಂಡಿಲು ಹುಳುವನ್ನೂ ಬಿಟ್ಟರು. ಮಣ್ಣಿನಲ್ಲಿ ಅಡಗಿದ ಬೀಜರಾಶಿಯನ್ನು ಮಾತ್ರ ಇವೆರಡೂ ಮುಟ್ಟಲಾರವು. ಬೆಂಕಿ ಬಿದ್ದಲ್ಲೆಲ್ಲ ಹೊಸ ಸಸಿಗಳು ಈಗಲೂ ಏಳುತ್ತವೆ.